ಅವಳಿ ಮಕ್ಕಳಿಗೆ ಹಾಲು: ಒಬ್ಬೊಬ್ಬರಿಗಾ, ಒಟ್ಟಿಗಾ, ಒಳಲೆಯಲ್ಲಿಯಾ?

ಹಾಸನದ ತವರಲ್ಲಿ ಬಾಣಂತನದಲ್ಲಿರುವ ತಂಗಿ ಕೇಳಿದಳು: 'ತೊಟ್ಟು ಒಡೆದು ಉರೀತಿದೆ, ಇಬ್ಬರಿಗೂ ಹೇಗೆ ಕುಡಿಸಲಿ ಅಕ್ಕ?'

ನೋವಿನ ಲೆಕ್ಕದಲ್ಲಿ ಒಬ್ಬೊಬ್ಬರಿಗೇ ಕುಡಿಸುವುದು ಮೇಲು. ಒಂದು ಕೈ ಬಿಡುವಾಗಿರುತ್ತದೆ, ಮಗು ಸರಿಯಾಗಿ ಹಿಡಿದಿದೆಯಾ ನೋಡಬಹುದು. ಗದ್ದ ಎದೆಗೆ ತಾಗಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗದ ಬಹುಪಾಲೂ ಬಾಯೊಳಗೆ ಹೋಗಬೇಕು. ಬರೀ ತೊಟ್ಟು ಕಚ್ಚಿದರೆ ಎಳೆಯಬೇಡ. ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸು, ಮತ್ತೆ ಹಿಡಿಸು. ಆದರೆ ಸಮಯ? ಒಂದೊಂದು ಮಗುವಿಗೆ ದಿನಕ್ಕೆ 8ರಿಂದ 12 ಸಲ. ಹಾಸನದ ಚಳಿಯಲ್ಲಿ ನಡುರಾತ್ರಿ ಎರಡೆರಡು ಸಲ ಏಳೋದು ಸುಮ್ನೆ ಅಲ್ಲ.

ಒಟ್ಟಿಗೆ ಕುಡಿಸಿದರೆ ಹೊತ್ತು ಉಳಿಯುತ್ತದೆ. ಎರಡು ಪಕ್ಕಕ್ಕೂ ದಿಂಬು, ಮಕ್ಕಳ ಕಾಲು ನಿನ್ನ ಬೆನ್ನ ಕಡೆಗೆ. ಎತ್ತಿಕೊಡಲು ಅಮ್ಮ ಪಕ್ಕದಲ್ಲಿರಬೇಕು. ಒಂದು ಮಗುವಾದರೂ ಚೆನ್ನಾಗಿ ಹಿಡಿಯಲು ಕಲಿತ ಮೇಲೆ ಇದನ್ನು ಶುರುಮಾಡು.

ತೊಟ್ಟು ಮುಟ್ಟಲೂ ಆಗದ ದಿನಕ್ಕೆ ಒಳಲೆ ಇದೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು. ಖರ್ಚಿಲ್ಲ, ಅಜ್ಜಿಯೂ ಕುಡಿಸಬಹುದು. ಆದರೆ ಹಾಲು ಹಿಂಡುವುದು, ಒಳಲೆ ಕುದಿಸುವುದು ಡಬಲ್ ಕೆಲಸ, ಅಲ್ವಾ? ಹಿಂಡುವುದನ್ನು ತಪ್ಪಿಸಿದರೆ ಹಾಲು ಕಟ್ಟುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗು.