ಉಪ್ಪುಗಾಳಿಗೆ ಯಾವ ಬೀಗ? ಕಾರವಾರದಿಂದ ಶಿರಸಿವರೆಗೆ ಮನೆ ಕಾಯುವ ಸಾಮಾನುಗಳ ದೀರ್ಘಾವಧಿ ವಿಮರ್ಶೆ

ತೀರ್ಪು ಮೊದಲೇ ಇರಲಿ. ಬಾಗಿಲ ದಪ್ಪದೊಳಗೆ ಗೂಡು ಕೊರೆದು ಕೂರಿಸುವ ಮಾರ್ಟೈಸ್ ಲಾಕ್‌ಗೆ (ಹಿತ್ತಾಳೆ ಸಿಲಿಂಡರ್, ಅಂದರೆ ಕೀಲಿ ತೂರಿಸುವ ಭಾಗ, ಅದರಲ್ಲಿ ಆರು ಪಿನ್) ಐದಕ್ಕೆ ನಾಲ್ಕು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಹಾಕುವ ಕಬ್ಬಿಣದ ಅಡ್ಡಪಟ್ಟಿಗೆ ಐದಕ್ಕೆ ಐದು. ಸೆನ್ಸರ್ ಲೈಟಿಗೆ ಮೂರೂವರೆ. ನಾಲ್ಕು ಕ್ಯಾಮೆರಾ, ಅವುಗಳ ಚಿತ್ರ ರೆಕಾರ್ಡ್ ಮಾಡಿಡುವ ಡಿವಿಆರ್ ಪೆಟ್ಟಿಗೆ ಸೇರಿದ ಸೆಟ್ಟಿಗೆ ಮೂರು. ಬೆರಳಚ್ಚಿನ ಸ್ಮಾರ್ಟ್ ಲಾಕ್‌ಗೆ ಎರಡು. ಹಲವು ಮಳೆಗಾಲ ಕಂಡ ಸಾಮಾನಿಗೆ ಕೊಟ್ಟ ಅಂಕಗಳಿವು. ಹೊಸದಾಗಿದ್ದಾಗ ಎಲ್ಲದಕ್ಕೂ ಐದೇ ಕೊಡಬೇಕು ಅನ್ನಿಸುತ್ತದೆ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಉಳಿದ ದಿನ ಪಡುವಣ ಗಾಳಿ ಉಪ್ಪು ಹೊತ್ತು ತರುತ್ತದೆ. ಬೈತಕೋಲ, ಕೋಡಿಬಾಗ, ಮಾಜಾಳಿ, ಗೋಕರ್ಣದ ಕಡಲಂಚಿನ ಮನೆಗಳಲ್ಲಿ ಕಳ್ಳ ಬರುವ ಮೊದಲೇ ತುಕ್ಕು ಒಳಗೆ ಬಂದು ಅರ್ಧ ಕೆಲಸ ಮುಗಿಸಿರುತ್ತದೆ. ಸ್ಕ್ರೂ ತಲೆ ತಿಂದುಹೋಗಿರುತ್ತದೆ, ಕೊಂಡಿ ತೆಳ್ಳಗಾಗಿರುತ್ತದೆ, ಚಿಲಕದ ಹಿಂದಿನ ಮರ ಮೆತ್ತಗಾಗಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಇಲ್ಲಿ ಬೀಗ ಕೊಳ್ಳುವವರು ಮೊದಲು ಲೋಹ ಯಾವುದು ಎಂದು ಕೇಳಬೇಕು, ಆಮೇಲೆ ಸ್ಕ್ರೂ ಯಾವುದು ಎಂದು. ಬ್ರ್ಯಾಂಡ್ ಮೂರನೆಯ ಪ್ರಶ್ನೆ.

ಅಂಗಡಿಯಲ್ಲಿ ‘ಎಸ್.ಎಸ್.’ (ಸ್ಟೇನ್‌ಲೆಸ್ ಸ್ಟೀಲ್) ಎಂದು ಕೊಡುವುದರಲ್ಲಿ ಮೂರು ಜಾತಿ ಇವೆ. 202 ಅಗ್ಗ, ಕಡಲ ಹತ್ತಿರ ಒಂದೇ ಮಳೆಗಾಲದಲ್ಲಿ ಕಂದು ಚುಕ್ಕಿ ಎದ್ದುಬಿಡಬಹುದು. 304 ಘಟ್ಟದ ಮೇಲೆ ಚೆನ್ನಾಗಿ ಬಾಳುತ್ತದೆ, ಸಮುದ್ರದಿಂದ ಒಂದೆರಡು ಕಿಲೋಮೀಟರ್ ಒಳಗಿನ ಮನೆಗೂ ಆಗಾಗ ಒರೆಸುತ್ತಿದ್ದರೆ ಸಾಕು. ಅಲೆಯ ಸದ್ದು ಕೇಳುವಷ್ಟು ಹತ್ತಿರ ಇದ್ದವರಿಗೆ 316 ಬೇಕು. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುವುದರಿಂದ ಉಪ್ಪು ಅಷ್ಟು ಸುಲಭವಾಗಿ ಕುಳಿ ತೋಡುವುದಿಲ್ಲ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಿದರೆ 202 ಮತ್ತು 304ರ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಕ್ರೋಮ್ ಲೇಪದ ಸತು ಮಿಶ್ರಲೋಹದ ಹಿಡಿಕೆಗಳನ್ನು ಕರಾವಳಿಗೆ ತರಲೇಬೇಡಿ, ಲೇಪದ ಕೆಳಗೆ ಗುಳ್ಳೆ ಎದ್ದು ಸಿಪ್ಪೆಯಂತೆ ಕಿತ್ತುಬರುತ್ತದೆ.

ಇನ್ನು ಮಾರ್ಟೈಸ್ ಲಾಕ್. ಒಂದು ಅಂಕ ಕಳೆದದ್ದು ಲಾಕ್‌ನ ದೋಷಕ್ಕಲ್ಲ, ಅದರ ಡಬ್ಬಿಯಲ್ಲಿ ಬರುವ ಸ್ಕ್ರೂಗಳಿಗೆ. ಲಾಕ್‌ನ ನಾಲಿಗೆ ಹೋಗಿ ಕೂರಲು ದಾರಂದಕ್ಕೆ ಹಾಕುವ ತಗಡಿನ, ಅಂದರೆ ಸ್ಟ್ರೈಕ್ ಪ್ಲೇಟಿನ ಜೊತೆ ಸಾಮಾನ್ಯವಾಗಿ 20–25 ಮಿ.ಮೀ. ಸ್ಕ್ರೂ ಇರುತ್ತವೆ. ಬಾಗಿಲಿಗೆ ಒದೆ ಬಿದ್ದರೆ ಲಾಕ್ ಮುರಿಯುವುದಿಲ್ಲ, ಈ ಗಿಡ್ಡ ಸ್ಕ್ರೂಗಳು ಮರದ ಚಕ್ಕೆ ಸಮೇತ ಕಿತ್ತುಬರುತ್ತವೆ. ಅವನ್ನು ಬದಿಗಿಟ್ಟು 50 ಮಿ.ಮೀ. ಉದ್ದದ 10 ನಂಬರ್ ಎಸ್.ಎಸ್. ಸ್ಕ್ರೂ ಹಾಕಿ, ಹಾಕುವ ಮೊದಲು ಸಣ್ಣ ಬಿಟ್‌ನಲ್ಲಿ ತೂತು ಮಾಡಿಕೊಳ್ಳಿ. ನಾಲ್ಕಿಂಚು ಎರಡೂವರೆ ಇಂಚಿನ ದಾರಂದಕ್ಕೆ ಇದಕ್ಕಿಂತ ಉದ್ದದ್ದು ಹಾಕಿದರೆ ಮರ ದಾಟಿ ಗಾರೆಗೆ ಹೋಗುತ್ತದೆ, ಹಿಡಿತವೇನೂ ಹೆಚ್ಚುವುದಿಲ್ಲ. ಐದಿಂಚು ಮೂರಿಂಚಿನ ಹಳೆಯ ದಾರಂದವಾದರೆ 60–65 ಮಿ.ಮೀ. ಹಾಕಬಹುದು.

ಸ್ಕ್ರೂ ಗಟ್ಟಿಯಾದ ಮೇಲೆ ಮುಂದಿನ ಸೋಲು ದಾರಂದದ್ದು. ನಮ್ಮ ಕಡೆಯ ಚಿರೆಕಲ್ಲಿನ ಗೋಡೆಯಲ್ಲಿ ಇದು ದೊಡ್ಡ ವಿಷಯ. ಚಿರೆಕಲ್ಲು ಮೆತ್ತಗೆ, ಒಳಗೆಲ್ಲ ರಂಧ್ರ. ಕಾಂಕ್ರೀಟಿಗೆ ಮಾಡಿದ ಆಂಕರ್ ಬೋಲ್ಟನ್ನು ಅದಕ್ಕೆ ಹೊಡೆದರೆ ಬಿಗಿ ಮಾಡುತ್ತಿದ್ದಂತೆ ಕಲ್ಲು ಪುಡಿಯಾಗಿ ಬೋಲ್ಟ್ ತಿರುಗತೊಡಗುತ್ತದೆ. ದಾರಂದದ ಒಂದೊಂದು ಬದಿಗೆ ಮೂರು ಹೋಲ್ಡ್‌ಫಾಸ್ಟ್ (ದಾರಂದವನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ) ಇರಬೇಕು, ಒಂದೊಂದೂ 300 ಮಿ.ಮೀ. ಉದ್ದ. ಕಲ್ಲನ್ನು ಕಡಿದು ಗೂಡು ಮಾಡಿ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟಿನಲ್ಲಿ ಹೂಳಬೇಕು. ಮಣ್ಣಿನ ಗಾರೆಯ ಹಳೆಯ ಮನೆಗಳಲ್ಲಿ ದಾರಂದದ ಪಕ್ಕ ಉದ್ದುದ್ದ ಬಿರುಕು ಕಂಡರೆ ಹೋಲ್ಡ್‌ಫಾಸ್ಟ್ ಸಡಿಲಾಗಿದೆ ಎಂದೇ ತಿಳಿಯಿರಿ. ಅಂಥ ಬಾಗಿಲಿಗೆ ಹೊಸ ಲಾಕ್ ಹಾಕುವುದು ಹಣ ದಂಡ. ಮೊದಲು ಗವಂಡಿಯನ್ನು ಕರೆಸಿ.

ಬಾಗಿಲ ದಪ್ಪ ಅಳೆದು ಸಿಲಿಂಡರ್ ಕೊಳ್ಳಿ. ಸಿಲಿಂಡರ್ 60, 70, 80 ಮಿ.ಮೀ. ಅಳತೆಗಳಲ್ಲಿ ಸಿಗುತ್ತದೆ. ಹೊರಗಿನ ತಗಡಿನಿಂದ 2–3 ಮಿ.ಮೀ.ಗಿಂತ ಹೆಚ್ಚು ಚಾಚಿಕೊಂಡಿದ್ದರೆ ಅದನ್ನು ಹಿಡಿದು ಮುರಿಯುವುದು ಸುಲಭ. ಬಾಗಿಲು 30 ಮಿ.ಮೀ. ಮಾತ್ರ ಇದ್ದರೆ ಮಾರ್ಟೈಸ್ ಬೇಡ: ಸುಮಾರು 16 ಮಿ.ಮೀ. ದಪ್ಪದ ಲಾಕ್‌ಪೆಟ್ಟಿಗೆಗೆ ಗೂಡು ಕೊರೆದ ಮೇಲೆ ಎರಡೂ ಕಡೆ ಏಳೇಳು ಮಿ.ಮೀ. ಮರ ಉಳಿಯುತ್ತದೆ, ಬಾಗಿಲು ಅಲ್ಲೇ ಸೀಳುತ್ತದೆ. ಕುಮಟಾ, ಹೊನ್ನಾವರ ಕಡೆಯ ಹಳೆಯ ಜೋಡಿ ಬಾಗಿಲುಗಳಿಗೆ ಇನ್ನೊಂದು ತೊಡಕಿದೆ. ಲಾಕ್‌ನ ನಾಲಿಗೆ ಹೋಗಿ ಕೂರುವುದು ಇನ್ನೊಂದು ಪಡಿಯೊಳಗೆ, ಆ ಪಡಿಯನ್ನು ಹಿಡಿದಿರುವುದು ಮೇಲೆ ಕೆಳಗಿನ ಚಿಲಕಗಳು ಮಾತ್ರ. ಅವು 300 ಮಿ.ಮೀ. ಉದ್ದ, 12 ಮಿ.ಮೀ. ಸರಳಿನವಾಗಿರಬೇಕು. ಕೆಳಗಿನ ಚಿಲಕ ನೆಲದ ಕಲ್ಲಿನೊಳಗೆ ಕನಿಷ್ಠ 20 ಮಿ.ಮೀ. ಇಳಿಯಬೇಕು. ಆ ತೂತಿನಲ್ಲಿ ಮಣ್ಣು ತುಂಬಿ ಚಿಲಕ ಅರ್ಧಕ್ಕೇ ನಿಲ್ಲುವುದು ತೀರಾ ಸಾಮಾನ್ಯ, ಗುಡಿಸುವಾಗ ಒಂದು ಕಡ್ಡಿ ಹಾಕಿ ತೆಗೆಯಿರಿ.

ಮಳೆಗಾಲದಲ್ಲಿ ಮರ ಉಬ್ಬಿ ನಾಲಿಗೆ ತೂತಿಗೆ ಸರಿಯಾಗಿ ಕೂರುವುದಿಲ್ಲ, ಬಾಗಿಲನ್ನು ಎಳೆದು ಹಿಡಿದು ಕೀಲಿ ತಿರುಗಿಸಬೇಕಾಗುತ್ತದೆ. ಹಾಗೆ ಬಲ ಹಾಕಿಯೇ ಕೀಲಿ ಮುರಿಯುವುದು. ಬಾಗಿಲು ಕೂರಿಸುವಾಗಲೇ ಸುತ್ತ 3 ಮಿ.ಮೀ. ಬಿಡಿಸಿ, ಸ್ಟ್ರೈಕ್ ತೂತನ್ನು ಮೇಲೆ ಕೆಳಗೆ ಎರಡೆರಡು ಮಿ.ಮೀ. ದೊಡ್ಡದು ಮಾಡಿಸಿ. ಬಾಗಿಲಿನ ಮೇಲಂಚು ಕೆಳಂಚಿಗೂ ಬಣ್ಣ ಹೊಡೆಸಿ, ನೀರು ಹೀರುವುದು ಅಲ್ಲಿಂದಲೇ.

ಕೀಲಿತೂತಿಗೆ ತೆಂಗಿನೆಣ್ಣೆ ಬಿಡುವ ರೂಢಿ ಜಿಲ್ಲೆಯ ಉದ್ದಕ್ಕೂ ಇದೆ. ದಯವಿಟ್ಟು ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಶಿರಸಿ, ಸಿದ್ದಾಪುರದ ಡಿಸೆಂಬರ್ ಬೆಳಗಿನಲ್ಲಿ ಪಿನ್ನುಗಳು ಅದರಲ್ಲೇ ಅಂಟಿ ನಿಲ್ಲುತ್ತವೆ, ಬೇಸಿಗೆಯಲ್ಲಿ ಅದೇ ಎಣ್ಣೆ ಧೂಳು ಹಿಡಿಯುತ್ತದೆ. ಘಟ್ಟದ ಮೇಲೆ ಒಣ ಗ್ರಾಫೈಟ್ ಪುಡಿ, ಕಡಲ ಬದಿಯಲ್ಲಿ ಪಿಟಿಎಫ್‌ಇ (ಟೆಫ್ಲಾನ್) ಡ್ರೈ ಸ್ಪ್ರೇ. ಎರಡನ್ನೂ ಎಣ್ಣೆಯ ಜೊತೆ ಬೆರೆಸಬಾರದು, ಕೆಸರಾಗುತ್ತದೆ.

ಬಾಡಿಗೆಯವರು ಬಿಟ್ಟುಹೋದಾಗ, ಕೀಲಿ ಕಳೆದಾಗ ಇಡೀ ಲಾಕ್ ಬದಲಿಸಬೇಕಿಲ್ಲ. ಬಾಗಿಲು ತೆರೆದಿಟ್ಟು, ಅದರ ಅಂಚಿನಲ್ಲಿ ಸಿಲಿಂಡರಿನ ನೇರಕ್ಕೆ ಇರುವ ಒಂದೇ ಉದ್ದ ಸ್ಕ್ರೂ ಬಿಚ್ಚಿ, ಕೀಲಿಯನ್ನು ಸ್ವಲ್ಪ ತಿರುಗಿಸಿ ಹಿಡಿದರೆ ಸಿಲಿಂಡರ್ ಜಾರಿ ಬರುತ್ತದೆ. ಅದೇ ಅಳತೆಯದು ತಂದು ಹಾಕಿ. ಹತ್ತು ನಿಮಿಷದ ಕೆಲಸ, ಈ ಲಾಕ್‌ನ ದೊಡ್ಡ ಲಾಭವೇ ಇದು.

ಬಿಜಾಗರಿಗೂ ಒಂದು ಮಾತು. ಎಸ್.ಎಸ್. ಬಿಜಾಗರಿ ತಂದು ಅದಕ್ಕೆ ಸತು ಲೇಪದ ಕಬ್ಬಿಣದ ಸ್ಕ್ರೂ ಹೊಡೆಯುವ ಆಚಾರಿಗಳು ಬಹಳ ಜನ. ಎರಡು ಬೇರೆ ಲೋಹ ಉಪ್ಪುನೀರಿನಲ್ಲಿ ಕೂಡಿದಾಗ ಕೀಳು ಲೋಹ ಕರಗುತ್ತದೆ. ಇಲ್ಲಿ ಸ್ಕ್ರೂ ಚಿಕ್ಕದು, ಬಿಜಾಗರಿ ದೊಡ್ಡದು, ಹಾಗಾಗಿ ಸ್ಕ್ರೂ ಇನ್ನೂ ಬೇಗ ತಿಂದುಹೋಗುತ್ತದೆ. ಬಿಜಾಗರಿ ಹೊಳೆಯುತ್ತಿರುತ್ತದೆ, ಹಿಂದೆ ಹಿಡಿಯಲು ಏನೂ ಇರುವುದಿಲ್ಲ. ಯಾವ ಲೋಹದ ಬಿಜಾಗರಿಯೋ ಅದೇ ಲೋಹದ ಸ್ಕ್ರೂ ಹಾಕಿಸಿ. ಹೊರಗೆ ತೆರೆಯುವ ಬಾಗಿಲಾದರೆ ಬಿಜಾಗರಿಯ ಕಡ್ಡಿ ಹೊರಗಡೆಗೇ ಉಳಿಯುತ್ತದೆ. ಅಲ್ಲಿ ಕಡ್ಡಿ ಕೀಳಲಾಗದ ಬಿಜಾಗರಿಯನ್ನೇ ಹುಡುಕಿ.

ಈಗ ಐದಕ್ಕೆ ಐದು ಪಡೆದ ಅಡ್ಡಪಟ್ಟಿ. ಎದುರಿನ ಬಾಗಿಲಿಗೆ ಸಾಗುವಾನಿ, ಹಿತ್ತಿಲ ಬಾಗಿಲಿಗೆ ತೆಳು ಹಲಗೆ. ಇದು ನಮ್ಮ ಮನೆಗಳ ವಾಡಿಕೆ, ಒಳಗೆ ನುಗ್ಗುವವನು ಹುಡುಕುವುದೂ ಇದನ್ನೇ. ಬಚ್ಚಲಮನೆ, ಕೊಟ್ಟಿಗೆಯ ಮರೆಯಲ್ಲಿ ನಿಂತರೆ ರಸ್ತೆಗೆ ಕಾಣುವುದೂ ಇಲ್ಲ. 40×6 ಮಿ.ಮೀ. ಕಬ್ಬಿಣದ ಪಟ್ಟಿ, ಬಾಗಿಲ ಅಗಲಕ್ಕಿಂತ ಎರಡೂ ಕಡೆ 100 ಮಿ.ಮೀ. ಉದ್ದ, ಅದು ಕೂರಲು ಗೋಡೆಯಲ್ಲಿ ಎರಡು ಕೊಕ್ಕೆ. ಚಿರೆಕಲ್ಲಾದ್ದರಿಂದ ಕೊಕ್ಕೆಯ ಬಾಲವನ್ನು 150 ಮಿ.ಮೀ. ಆಳದ ಗೂಡಿನಲ್ಲಿ ಕಾಂಕ್ರೀಟ್ ಹಾಕಿ ಕೂರಿಸಿ, ಏಳು ದಿನ ನೀರು ಹೊಡೆಯಿರಿ. ನಮ್ಮ ಹಿರಿಯರ ಮರದ ಅಗುಳಿಯ ಕೆಲಸವೇ ಇದು. ಎರಡು ಪಟ್ಟಿ ಹಾಕಿ: ಒಂದು ಮೊಣಕಾಲೆತ್ತರಕ್ಕೆ, ಒಂದು ಎದೆಯೆತ್ತರಕ್ಕೆ. ಒಳಗಿನಿಂದ ಹಾಕುವುದರಿಂದ ಕೊನೆಗೆ ಹೊರಬೀಳುವ ಬಾಗಿಲಿಗೆ ಇದು ಆಗುವುದಿಲ್ಲ. ಹಿತ್ತಿಲಿಗೆ ಪಟ್ಟಿ, ಎದುರಿಗೆ ಮಾರ್ಟೈಸ್.

ಹಂಚಿನ ಮನೆಯವರು ಬಾಗಿಲು ಭದ್ರ ಮಾಡಿ ಮಾಡನ್ನು ಮರೆಯುತ್ತಾರೆ. ಮಂಗಳೂರು ಹಂಚು ರೀಪಿನ ಮೇಲೆ ಸುಮ್ಮನೆ ಕೂತಿರುತ್ತದೆ, ನಾಲ್ಕು ಹಂಚು ಸರಿಸಿದರೆ ಆಳು ಇಳಿಯುವಷ್ಟು ಜಾಗ. ಕೋಣೆಗೆ ಮರದ ಮುಚ್ಚಿಗೆ ಇದ್ದರೆ ಅರ್ಧ ಚಿಂತೆ ಕಳೆಯಿತು. ಇಲ್ಲದಿದ್ದರೆ ಕಪಾಟು, ಅಡಿಕೆ ಚೀಲ ಇರುವ ಕೋಣೆಯ ಮೇಲಾದರೂ ಪಕಾಸಿನ ಕೆಳಮೈಗೆ 50×50 ಮಿ.ಮೀ. ಕಣ್ಣಿನ, 3 ಮಿ.ಮೀ. ತಂತಿಯ ಗ್ಯಾಲ್ವನೈಸ್ಡ್ ಬಲೆ ಬಿಗಿಸಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರಿಗೆ ಮೇಲಿನಿಂದ ಅಡ್ಡಿಯಾಗುವುದಿಲ್ಲ. ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿದೆ: ಏಣಿ, ಹಾರೆ, ಗುದ್ದಲಿ, ಕತ್ತಿ ಕೊಟ್ಟಿಗೆಯಲ್ಲಿ ಬಯಲಿಗೆ ಬಿದ್ದಿರಬಾರದು. ತೋಟದ ಮನೆಗೆ ಬರುವವನು ಬರಿಗೈಯಲ್ಲಿ ಬಂದರೂ ಸಲಕರಣೆ ಅಂಗಳದಲ್ಲೇ ಸಿಗುತ್ತದೆ. ಏಣಿಯನ್ನು ಸರಪಳಿ ಹಾಕಿ ಕಂಬಕ್ಕೆ ಬೀಗ ಹಾಕಿಡಿ.

ಸೆನ್ಸರ್ ಲೈಟು ಮೈಶಾಖದ ವ್ಯತ್ಯಾಸ ಹಿಡಿದು ಹೊತ್ತುತ್ತದೆ. ಏಪ್ರಿಲ್–ಮೇಯ ಸೆಕೆಯಲ್ಲಿ ಸುತ್ತಲ ಬಿಸಿ ಮೈಬಿಸಿಗೆ ಹತ್ತಿರವಾಗುವುದರಿಂದ ತಡವಾಗಿ ಹೊತ್ತುತ್ತದೆ, ಅದು ಕೆಟ್ಟಿದ್ದಲ್ಲ. 2ರಿಂದ 2.5 ಮೀಟರ್ ಎತ್ತರಕ್ಕೆ, ಬರುವವನು ಅಡ್ಡ ಹಾಯುವ ಹಾಗೆ ಹಾಕಿ. ನೇರ ಎದುರಿಗೆ ನಡೆದುಬಂದರೆ ಅದಕ್ಕೆ ಬೇಗ ತಿಳಿಯುವುದಿಲ್ಲ. ವೈರು ಕೆಳಗಿನಿಂದ ಒಳಹೋಗಲಿ.

ಕ್ಯಾಮೆರಾಗಳ ಬಗ್ಗೆ ನಿರೀಕ್ಷೆ ಸರಿಯಿರಬೇಕು. ಅವು ಕಳ್ಳತನ ತಡೆಯುವುದಕ್ಕಿಂತ ನಡೆದದ್ದನ್ನು ತೋರಿಸುತ್ತವೆ, ಅದೂ ಮುಖ ಕಂಡರೆ. 2 ಮೆಗಾಪಿಕ್ಸೆಲ್, 2.8 ಮಿ.ಮೀ. ಲೆನ್ಸಿನ ಕ್ಯಾಮೆರಾ ಇಡೀ ಅಂಗಳ ತೋರಿಸುತ್ತದೆ, ಆದರೆ ಅಪರಿಚಿತನ ಗುರುತು ಹಿಡಿಯುವಷ್ಟು ಸ್ಪಷ್ಟ ಮುಖ ಸಿಗುವುದು ಸುಮಾರು 3 ಮೀಟರ್ ಒಳಗೆ ಮಾತ್ರ. ಆದ್ದರಿಂದ ಒಂದನ್ನು ಜಗಲಿಯ ಮೆಟ್ಟಿಲ ಹತ್ತಿರ ತಲೆಗಿಂತ ಸ್ವಲ್ಪವೇ ಎತ್ತರಕ್ಕೆ ಹಾಕಿ. ಸೂರಿನ ತುದಿಯಿಂದ ತೆಗೆದ ಚಿತ್ರದಲ್ಲಿ ಟೊಪ್ಪಿಯಷ್ಟೇ ಕಾಣುತ್ತದೆ. ಗುಮ್ಮಟದಾಕಾರದ ಕ್ಯಾಮೆರಾ ಕರಾವಳಿಗೆ ಬೇಡ, ಗಾಜಿನ ಮೇಲೆ ಕೂತ ಉಪ್ಪಿನ ಪೊರೆಗೆ ರಾತ್ರಿ ಅದರದೇ ಬೆಳಕು ತಾಗಿ ಎಲ್ಲ ಬೆಳ್ಳಗಾಗುತ್ತದೆ. ಉದ್ದನೆಯ ಬುಲೆಟ್ ಮಾದರಿ ತನ್ನಿ. ಒರೆಸುವಾಗ ಸಿಹಿನೀರಿನ ಒದ್ದೆ ಬಟ್ಟೆ ಬಳಸಿ, ಒಣಬಟ್ಟೆಯಲ್ಲಿ ತಿಕ್ಕಿದರೆ ಉಪ್ಪಿನ ಹರಳು ಗೆರೆ ಎಳೆಯುತ್ತದೆ. ಇನ್ಫ್ರಾರೆಡ್ ಬೆಳಕಿಗೆ ಹುಳ, ಹುಳಕ್ಕೆ ಜೇಡ ಬರುತ್ತದೆ. ಬಲೆ ತೆಗೆಯದಿದ್ದರೆ ರಾತ್ರಿಯಿಡೀ ಮೊಬೈಲಿಗೆ ಸುಳ್ಳು ಎಚ್ಚರಿಕೆ.

ಹಾಳಾಗುವುದು ಕ್ಯಾಮೆರಾಕ್ಕಿಂತ ಅದರ ಜೋಡಣೆ. ಬಿಎನ್‌ಸಿ (ಚಿತ್ರದ ವೈರಿನ) ಮತ್ತು ಡಿಸಿ (ಕರೆಂಟಿನ) ಪಿನ್ನುಗಳು ಹಸಿರುಗಟ್ಟಿ ಚಿತ್ರ ಗೆರೆಗೆರೆಯಾಗುತ್ತದೆ. ಜೋಡಣೆಯೆಲ್ಲ ಧೂಳು, ನೀರು ಒಳಹೋಗದ ಐಪಿ 66 ಡಬ್ಬಿಯೊಳಗಿರಲಿ, ಪಿನ್ನಿಗೆ ಸಿಲಿಕಾನ್ ಗ್ರೀಸ್ ಸವರಿ. ಡಬ್ಬಿಗೆ ಬರುವ ವೈರು ಮೊದಲು ಕೆಳಗೆ ಇಳಿದು ಆಮೇಲೆ ಮೇಲೆ ಹತ್ತಲಿ, ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಮಳೆಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಅಡಿಕೆ ಅಂಗಳದವರೆಗೆ ಎಳೆದ ಉದ್ದ ವೈರು ಸಿಡಿಲಿನ ಹೊಡೆತವನ್ನು ಡಿವಿಆರ್‌ಗೆ ತಂದು ಮುಟ್ಟಿಸುತ್ತದೆ. ಗುಡುಗು ಕೇಳುವ ಮೊದಲೇ ಪ್ಲಗ್ ಕಿತ್ತಿಡಿ, ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ.

ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಎಂದು ಮಾರುವವರು ಹೇಳುವುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಕ್ಯಾಮೆರಾಕ್ಕೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಎಂದರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನದ ಮೇಲೆ ಹಳೆಯದನ್ನು ಅಳಿಸುತ್ತದೆ. ಬೆಂಗಳೂರು, ಮುಂಬೈಯಲ್ಲಿದ್ದು ಹಬ್ಬಕ್ಕೆ ಮಾತ್ರ ಊರಿಗೆ ಬರುವವರಿಗೆ ಇದು ಸಾಲದು. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗುವಂತೆ ಇಡಿ. ಕರೆಂಟ್ ಹೋದರೆ 12 ವೋಲ್ಟ್ 7 ಎಎಚ್ ಬ್ಯಾಟರಿಯಲ್ಲಿ ಎರಡು ಗಂಟೆಯ ಆಸುಪಾಸು ನಡೆಯುತ್ತದೆ. ಜುಲೈಯ ಮೋಡದಲ್ಲಿ ಸೋಲಾರ್ ಕ್ಯಾಮೆರಾ ನಂಬುವಂತಿಲ್ಲ. ಡಿವಿಆರ್ ಟಿವಿಯ ಕೆಳಗಿಡಬೇಡಿ, ಮೊದಲು ಹೊತ್ತೊಯ್ಯುವುದೇ ಅದನ್ನು.

ಸ್ಮಾರ್ಟ್ ಲಾಕ್‌ಗೆ ಎರಡೇ ಅಂಕ ಯಾಕೆಂದರೆ ಅದು ಬೆರಳನ್ನು ಓದಬೇಕು. ಅಡಿಕೆ ಸುಲಿದು ಸವೆದ ಬೆರಳು, ಮೀನು ಹಸನು ಮಾಡಿ ಒದ್ದೆಯಾದ ಬೆರಳು ಅದಕ್ಕೆ ತಿಳಿಯುವುದಿಲ್ಲ. ನಾಲ್ಕು ಎಎ ಸೆಲ್‌ಗಳು ಸೋರಿ ಒಳಗಿನ ತಗಡನ್ನು ತಿನ್ನುತ್ತವೆ, ಮನೆ ತಿಂಗಳುಗಟ್ಟಲೆ ಮುಚ್ಚಿದ್ದರಂತೂ ಖಂಡಿತ ಬೇಡ. ಹಾಕಲೇಬೇಕೆಂದಿದ್ದರೆ ಕೀಲಿತೂತು ಇರುವ ಮಾದರಿ ತನ್ನಿ, ಆ ಕೀಲಿಯನ್ನು ಮನೆಯ ಹೊರಗೆ ನಂಬಿಕಸ್ಥರಲ್ಲಿ ಇಡಿ.

ಬಂಗಾರಕ್ಕೆ ಬ್ಯಾಂಕ್ ಲಾಕರ್. ಆದರೆ 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಲಾಕರಿನಿಂದ ಕಳುವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಒಡವೆಯ ಫೋಟೊ, ತೂಕ, ಬಿಲ್ಲು ಬೇರೆ ಕಡೆ ಇಟ್ಟುಕೊಳ್ಳಿ.

ನಿರ್ವಹಣೆಗೆ ವರ್ಷದಲ್ಲಿ ಎರಡು ದಿನ ಸಾಕು. ಮೇ ಕೊನೆಯಲ್ಲಿ ಬಿಜಾಗರಿ, ಕೊಂಡಿ, ಸ್ಟ್ರೈಕ್ ಪ್ಲೇಟಿನ ಒಂದೊಂದು ಸ್ಕ್ರೂ ಬಿಚ್ಚಿ ನೋಡಿ, ಕಾಲು ತೆಳ್ಳಗಾಗಿದ್ದರೆ ಆ ಸಾಲನ್ನೇ ಬದಲಿಸಿ. ಲಾಕ್‌ಗಳಿಗೆ ಸ್ಪ್ರೇ ಹೊಡೆಯಿರಿ, ಬ್ಯಾಟರಿ ಪರೀಕ್ಷಿಸಿ. ದೀಪಾವಳಿಯ ಹೊತ್ತಿಗೆ ಎಲ್ಲವನ್ನೂ ಸಿಹಿನೀರಿನಲ್ಲಿ ಒರೆಸಿ, ತುಕ್ಕು ಕಂಡ ಗ್ರಿಲ್‌ನ ಬುಡ ಕೆರೆದು ರೆಡಾಕ್ಸೈಡ್ ಹಚ್ಚಿ, ಆಮೇಲೆ ಬಣ್ಣ. ಕಿಟಕಿ ಸರಳು ಮರದೊಳಗೆ ಹೋಗುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ: ಮೊನೆ 5 ಮಿ.ಮೀ. ಇಳಿದರೆ ಆ ಕಿಟಕಿಯ ಕೆಳಪಟ್ಟಿ ಬದಲಿಸುವ ಕಾಲ ಬಂದಿದೆ.