ಕೆನಡಾಕ್ಕೆ ಕಳಿಸಿದ ಮಗುವಿನ ಗುರುತು: ಹಡಗಿನ ಪಟ್ಟಿಯೋ, ಸಂಸ್ಥೆಯ ಕಡತವೋ?

1869ರಿಂದ 1930ರ ದಶಕದವರೆಗೆ ಬ್ರಿಟನ್ನಿನಿಂದ ಒಂದು ಲಕ್ಷದಷ್ಟು ಬಡ ಮಕ್ಕಳನ್ನು ಹೊಲಗೆಲಸ, ಮನೆಗೆಲಸಕ್ಕೆಂದು ಕೆನಡಾಕ್ಕೆ ಸಾಗಿಸಿದರು. ನಿಮ್ಮ ಮುತ್ತಜ್ಜ ಅವರಲ್ಲೊಬ್ಬರಾಗಿದ್ದರೆ ಹುಡುಕಲು ಮುಖ್ಯವಾಗಿ ಎರಡು ದಾರಿಗಳಿವೆ.

ಈ ಮಕ್ಕಳನ್ನು ‘ಹೋಮ್ ಚಿಲ್ಡ್ರನ್’ ಅನ್ನುತ್ತಾರೆ. ಕೆನಡಾದ ರಾಷ್ಟ್ರೀಯ ದಾಖಲೆ ಸಂಗ್ರಹವಾದ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದಲ್ಲಿ ಇವರ ಪಟ್ಟಿ ಉಚಿತ. ಹೆಸರು, ವಯಸ್ಸು, ಹಡಗು, ಬಂದಿಳಿದ ವರ್ಷ ಸಿಗುತ್ತದೆ. ಹೆಸರಿನ ಕಾಗುಣಿತ ಮಾತ್ರ ನಂಬಬೇಡಿ, ನಾಲ್ಕಾರು ರೀತಿ ಬರೆದು ನೋಡಿ. ಆದರೆ ಮಗುವನ್ನು ಯಾಕೆ ಕಳಿಸಿದರು, ಅಮ್ಮ ಬದುಕಿದ್ದಳಾ? ಅದು ಇಲ್ಲಿ ಸಿಗುವುದಿಲ್ಲ.

ಅದಕ್ಕೆ ಕಳಿಸಿದ ಸಂಸ್ಥೆಯ ಕಡತವೇ ಬೇಕು. ಬ್ರಿಟನ್ನಿನ ಮಕ್ಕಳ ದತ್ತಿ ಸಂಸ್ಥೆ ಬರ್ನಾರ್ಡೋಸ್‌ನಂಥ ಕಡೆ ಮಗುವನ್ನು ಸೇರಿಸಿಕೊಂಡಾಗ ಮನೆಯ ಪರಿಸ್ಥಿತಿ ಬರೆದಿಡುತ್ತಿದ್ದರು, ಎಷ್ಟೋ ಸಲ ಫೋಟೋನೂ ತೆಗೆಯುತ್ತಿದ್ದರು. ಓದುವಾಗ ಗಟ್ಟಿ ಮನಸ್ಸು ಬೇಕು. ಬಡವರ ಬಗ್ಗೆ ಆ ಕಾಲದ ಅಧಿಕಾರಿಗಳ ಮಾತು ಒರಟು, ಅದನ್ನೇ ಪೂರ್ತಿ ನಿಜ ಅಂದುಕೊಳ್ಳಬೇಡಿ. ಇದಕ್ಕೆ ಶುಲ್ಕವಿದೆ, ಕಾಯಲೂ ಬೇಕು.

ಹಾಗಾದರೆ ಯಾವುದು ಮೊದಲು? ಪಟ್ಟಿಯೇ. ಕಳಿಸಿದ ಸಂಸ್ಥೆ ಯಾವುದು ಅನ್ನುವ ಸುಳಿವು ಅಲ್ಲಿ ಸಿಗಬಹುದು. ಮಕ್ಕಳನ್ನು ಕಳಿಸಿದ ಸಂಸ್ಥೆಗಳು ಹಲವಾರು. ಯಾವುದು ಅಂತ ಗೊತ್ತಿಲ್ಲದೆ ಸುಮ್ನೆ ದುಡ್ಡು ಕಟ್ಟಿ ಏನು ಪ್ರಯೋಜನ, ಅಲ್ವಾ? ಹುಡುಗ ಮೊದಲ ಮಹಾಯುದ್ಧದಲ್ಲಿ ಕೆನಡಾದ ಸೈನ್ಯ ಸೇರಿದ್ದರೆ ಅವನ ಸೇವಾ ಕಡತವೂ ಅದೇ ಆರ್ಕೈವ್ಸ್‌ನಲ್ಲಿ ಉಚಿತ. ಹತ್ತಿರದ ಬಂಧು ಅಂತ ಬ್ರಿಟನ್ನಿನ ಅಕ್ಕನ ವಿಳಾಸ ಅಲ್ಲೇ ಸಿಕ್ಕರೂ ಸಿಗಬಹುದು.