ಜಿಪಿಎಸ್ ಡ್ಯಾಶ್‌ಕ್ಯಾಮ್: ಎರಡು ಬೇಸಿಗೆ ದಾಟಿದ ಮೇಲೆ, ಜೊತೆಗೆ ಒಂದು ಸ್ಪೀಡ್ ಚಲನ್ ಕಥೆ

ಎರಡು ಬೇಸಿಗೆ ಬಳಸಿದ ನನ್ನ ಡ್ಯಾಶ್‌ಕ್ಯಾಮ್, ಅಂದರೆ ಕಾರಿನ ಮುಂದಿನ ಗಾಜಿನ ಹತ್ತಿರ ಕೂತು ರಸ್ತೆಯ ವಿಡಿಯೊ ತೆಗೆಯುವ ಕ್ಯಾಮೆರಾ, ಅದರ ಬಗ್ಗೆ ಈ ಬರಹ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಒಂದೇ ಥರದ ಕ್ಯಾಮೆರಾಕ್ಕೆ ಬೇರೆ ಬೇರೆ ಹೆಸರು ಅಂಟಿಸಿ ಮಾರುವವರು ಆನ್‌ಲೈನ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದಕ್ಕೆ ಹೆಸರಿಗಿಂತ ಒಳಗೆ ಏನಿದೆ ಅನ್ನೋದು ಮುಖ್ಯ. ನನ್ನದರಲ್ಲಿ ಜಿಪಿಎಸ್ ಇದೆ, ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ (ಸ್ವಲ್ಪ ಹೊತ್ತು ವಿದ್ಯುತ್ ಹಿಡಿದಿಡುವ, ಬಿಸಿ ತಡೆಯುವ ಭಾಗ) ಇದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಹತ್ತಿರ ಬ್ಯಾಟರಿ ಊದಿಕೊಳ್ಳುತ್ತದೆ. ಇದಕ್ಕೆ ಇನ್ನೂ ಏನೂ ಆಗಿಲ್ಲ. ಹಗಲು ಚಿತ್ರ ಸ್ಪಷ್ಟ. ರಾತ್ರಿ ಎದುರಿನ ಗಾಡಿಯ ನಂಬರ್ ಓದೋದು ಕಷ್ಟ, ಜಾಹೀರಾತಲ್ಲಿ ಏನೇ ಹೇಳಲಿ.

ಈಗ ಚಲನ್ ವಿಷಯ. ಊರಿಂದ ಬಂದ ಮಾರನೇ ದಿನ ಮೊಬೈಲಿಗೆ ಮೆಸೇಜ್ ಬಂತು. 80ರ ಮಿತಿ ಇರುವ ಹೆದ್ದಾರಿಯಲ್ಲಿ 112ರಲ್ಲಿ ಹೋಗಿದ್ದೀರಿ, ದಂಡ 1,000 ರೂಪಾಯಿ. ಸಾವಿರ ರೂಪಾಯಿ ತಾನೇ, ಕಟ್ಟಿ ಬಿಡಿ ಅಂತ ಎಲ್ಲರೂ ಹೇಳಿದರು. ಆದರೆ ನಾನು ಅಷ್ಟು ವೇಗದಲ್ಲಿ ಹೋಗಿರಲೇ ಇಲ್ಲ, ಸುಮ್ನೆ ಯಾಕೆ ಕಟ್ಟಲಿ?

ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಆ ಹೊತ್ತಿನ ಫೈಲ್ ಇನ್ನೂ ಇತ್ತು. ಇದನ್ನು ಎಲ್ಲರೂ ಗಮನಿಸಬೇಕು, ಯಾಕಂದರೆ ಡ್ಯಾಶ್‌ಕ್ಯಾಮ್ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ, ಜೋರಾಗಿ ಕುಲುಕಿದಾಗ ಮಾತ್ರ ಆ ಫೈಲ್ ಅಳಿಸದ ಹಾಗೆ ತಾನಾಗೇ ಲಾಕ್ ಆಗುತ್ತದೆ, ಸ್ಪೀಡ್ ಕ್ಯಾಮೆರಾ ಕೆಳಗೆ ನೆಟ್ಟಗೆ ಹೋದರೆ ಏನು ಕುಲುಕುತ್ತದೆ ಹೇಳಿ. ದಿನಾ ಜಾಸ್ತಿ ಓಡಿಸುವವರಿಗೆ ಚಲನ್ ಬರುವಷ್ಟರಲ್ಲಿ ಸಾಕ್ಷಿಯೇ ಅಳಿಸಿಹೋಗಿರುತ್ತದೆ. ದೊಡ್ಡ ಕಾರ್ಡ್ ಹಾಕಿ, ಅದೂ ಹೈ ಎಂಡ್ಯೂರೆನ್ಸ್ (ಮತ್ತೆ ಮತ್ತೆ ಬರೆದರೂ ಬೇಗ ಕೆಡದ್ದು) ಅಂತ ಬರೆದಿರುವುದು.

ವಿಡಿಯೊ ಮೂಲೆಯಲ್ಲಿ ಜಿಪಿಎಸ್ ವೇಗ 77 ಅಂತ ಇತ್ತು. ಕಾರಿನ ಮೀಟರ್ ಸಾಮಾನ್ಯವಾಗಿ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಅದು ದೋಷವಲ್ಲ, ಮಾಡಿರುವುದೇ ಹಾಗೆ. ಆದರೆ ಈ 77 ಅನ್ನೋ ಅಂಕಿ ನನ್ನದೇ ಕ್ಯಾಮೆರಾ ಬರೆದದ್ದು, ಅದನ್ನು ಬೇರೆಯವರು ಯಾಕೆ ನಂಬಬೇಕು? ಅದಕ್ಕೆ ರಸ್ತೆ ಬದಿಯ ಇನ್ನೂರು ಮೀಟರ್ ಕಲ್ಲುಗಳನ್ನು ಹಿಡಿದುಕೊಂಡೆ. ಒಂದು ಕಲ್ಲಿಂದ ಇನ್ನೊಂದಕ್ಕೆ 112ರ ವೇಗದಲ್ಲಿ ಆರೂವರೆ ಸೆಕೆಂಡು ಸಾಕು. ನನ್ನ ವಿಡಿಯೊದಲ್ಲಿ ಒಂಬತ್ತು ಸೆಕೆಂಡು ದಾಟಿತ್ತು. ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ ಇರುವುದರಿಂದ ಯಾರು ಬೇಕಾದರೂ ಎಣಿಸಿ ನೋಡಬಹುದು.

ಇಷ್ಟೆಲ್ಲ ಲೆಕ್ಕ ಬರೆದು ಇ-ಚಲನ್ ಸೈಟಿನ ದೂರು ವಿಭಾಗದಲ್ಲಿ ಸ್ಕ್ರೀನ್‌ಶಾಟ್ ಹಾಕಿದೆ. ಉತ್ತರವೇ ಇಲ್ಲ. ಆಮೇಲೆ ಪೆನ್‌ಡ್ರೈವ್ ಹಿಡಿದು ಟ್ರಾಫಿಕ್ ಪೊಲೀಸ್ ಕಚೇರಿಗೆ ಹೋದೆ. ಅಲ್ಲಿದ್ದ ಸಾಹೇಬರು ಕಲ್ಲಿನ ಲೆಕ್ಕವನ್ನು ಕಣ್ಣೆತ್ತಿಯೂ ನೋಡಲಿಲ್ಲ. ವಿಡಿಯೊದಲ್ಲಿ ಅವರು ಗಮನಿಸಿದ್ದು ಬೇರೆಯೇ. ಕ್ಯಾಮೆರಾ ಕಂಬದ ಹತ್ತಿರ ಬರುವಾಗ ಬಲಗಡೆಯಿಂದ ಒಂದು ಬಿಳಿ ಕಾರು ಸುಂಯ್ಯಂತ ನನ್ನನ್ನು ದಾಟಿ ಹೋಗಿತ್ತು. ಚಲನ್ ಫೋಟೊದ ಅಂಚಲ್ಲೂ ಅದೇ ಕಾರಿನ ಅರ್ಧ ಕಾಣುತ್ತಿತ್ತು. "ಇದು ಆ ಗಾಡಿ ಸ್ಪೀಡು ಇರಬೇಕು ಬಿಡಿ" ಅಂದರು. ಕೆಲವು ದಿನದಲ್ಲಿ ಚಲನ್ ರದ್ದಾಯಿತು. ಅಂದರೆ ಕೆಲಸಕ್ಕೆ ಬಂದದ್ದು ಜಿಪಿಎಸ್ ಅಂಕಿಗಿಂತ ಪಕ್ಕದಲ್ಲಿ ಏನಾಯಿತು ಅನ್ನುವ ಚಿತ್ರ. ಫೋಟೊದಲ್ಲಿ ನೀವೊಬ್ಬರೇ ಇದ್ದರೆ ಇಷ್ಟು ಸುಲಭ ಆಗುತ್ತದೆ ಅಂತ ನನಗೆ ಅನಿಸುವುದಿಲ್ಲ.

ಕೋರ್ಟಿಗೆ ಹೋಗುವ ಹಾಗಿದ್ದರೆ ಕಥೆ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿಡಿಯೊ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಅಂಕಿಯೂ (ಫೈಲಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಗುರುತು) ಇರಬೇಕು. ಹಿಂದೆ, ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ, ಈ ಪ್ರಮಾಣಪತ್ರಕ್ಕೆ 65ಬಿ ಅನ್ನುತ್ತಿದ್ದರು. ಫೈಲಲ್ಲಿ ಒಂಚೂರು ಬದಲಾದರೂ ಹ್ಯಾಶ್ ಬದಲಾಗುತ್ತದೆ. ಹಾಗಾಗಿ ಕತ್ತರಿಸಬೇಡಿ, ವಾಟ್ಸಾಪಲ್ಲಿ ಕಳಿಸಬೇಡಿ, ಕಾರ್ಡಿನ ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ನನ್ನ ಫೈಲಲ್ಲಿ ನಾನು ಹಾಡು ಗುನುಗಿದ್ದೂ ಸೇರಿತ್ತು, ಸಾಹೇಬರೂ ಕೇಳಿದರು, ಏನು ಮಾಡೋದು. ಅವತ್ತಿಂದ ಮೈಕ್ ಆಫ್.

ಪೊಲೀಸರ ಕಡೆಯ ಸ್ಪೀಡ್ ಕ್ಯಾಮೆರಾಕ್ಕೂ ನಿಯಮ ಇದೆ. 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ಪ್ರಕಾರ ಉಪಕರಣಕ್ಕೆ ಅನುಮೋದನೆ ಪತ್ರ ಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು, ಕ್ಯಾಮೆರಾ ಇದೆ ಅಂತ ರಸ್ತೆಯಲ್ಲಿ ಬೋರ್ಡ್ ಇರಬೇಕು. ಬೋರ್ಡ್ ಇತ್ತೋ ಇಲ್ಲವೋ ಅನ್ನುವುದೂ ನಿಮ್ಮ ವಿಡಿಯೊದಲ್ಲೇ ಸಿಗುತ್ತದೆ ಅಲ್ವಾ?

ಕೊಳ್ಳುವವರಿಗೆ ಇನ್ನೊಂದು ಮಾತು. ಗಡಿಯಾರ ಸೆಟ್ ಮಾಡುವಾಗ ಟೈಮ್ ಝೋನ್ +5:30 ಇದೆಯಾ ನೋಡಿ. ನನ್ನದು ಬಂದಾಗ ಚೀನಾ ಸಮಯದಲ್ಲಿತ್ತು, ಅಂದರೆ ಎರಡೂವರೆ ಗಂಟೆ ಮುಂದೆ. ಚಲನ್‌ನ ಸಮಯಕ್ಕೆ ತಾಳೆಯಾಗದ ವಿಡಿಯೊ ಹಿಡಿದು ಹೋದರೆ ಅರ್ಧ ದಿನ ಬರೀ ಅದನ್ನು ವಿವರಿಸುವುದರಲ್ಲೇ ಕಳೆಯುತ್ತದೆ. ಬರೀ ಊರೊಳಗೆ ಓಡಿಸುವವರಾದರೆ ಜಿಪಿಎಸ್‌ಗೆ ಜಾಸ್ತಿ ದುಡ್ಡು ಕೊಡಬೇಡಿ, ಅದೇ ಹಣದಲ್ಲಿ ಹಿಂದಿನ ಗಾಜಿಗೂ ಒಂದು ಕ್ಯಾಮೆರಾ ಬರುತ್ತದೆ.